ಹಗಲೆಲ್ಲ ಒಂಟಿಯಾಗಿ ಕೂಗುವ ನಾಯಿ: ದೂರು ಬಂದಾಗ ಸದಸ್ಯರು ಮಾಡಬೇಕಾದದ್ದು



ಕುಡಿಯುವ ನೀರು, ಚರಂಡಿ, ಬೀದಿದೀಪ, ಇ-ಸ್ವತ್ತುಗಳ ದೂರುಗಳ ನಡುವೆ ಪಂಚಾಯಿತಿ ಕಚೇರಿಗೆ ಬೇರೊಂದು ಬಗೆಯ ದೂರೂ ಬರುತ್ತದೆ. ಪಕ್ಕದ ಮನೆಯವರು ಬೆಳಿಗ್ಗೆ ಬೀಗ ಹಾಕಿಕೊಂಡು ಹೋದರೆ ಹಿಂತಿರುಗುವುದು ರಾತ್ರಿಗೆ, ಅವರ ನಾಯಿ ಹಗಲೆಲ್ಲ ಊಳಿಡುತ್ತದೆ, ಮನೆಯಲ್ಲಿ ಇರಲಾಗುತ್ತಿಲ್ಲ ಎಂಬುದು ಅದರ ಸಾರ. ಇದು ಪಂಚಾಯಿತಿಯ ಕೆಲಸವಲ್ಲ ಎಂದು ದೂರುದಾರರನ್ನು ಕಳುಹಿಸಿಬಿಡುವುದು ಸುಲಭ. ಆದರೆ ಇಂತಹ ದೂರುಗಳಲ್ಲಿ ಹೆಚ್ಚಿನವು ಪೊಲೀಸ್ ಠಾಣೆಯಲ್ಲಿ ಬಗೆಹರಿಯುವಂಥವಲ್ಲ. ಎರಡೂ ಮನೆಯವರ ಪರಿಚಯವಿರುವ ವಾರ್ಡಿನ ಸದಸ್ಯರಿಂದ ಬಗೆಹರಿಯುವಂಥವು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಸಮಸ್ಯೆ ಎಲ್ಲಿಂದ ಬಂತು

ನಮ್ಮ ಹಳ್ಳಿಗಳಲ್ಲಿ ನಾಯಿ ಸಾಕುವುದು ಹೊಸದಲ್ಲ. ಕುಣಿಗಲ್ ತಾಲ್ಲೂಕಿಗೆ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ 10ನೆಯ ಶತಮಾನದಲ್ಲಿಯೇ ಕಲ್ಲು ನಿಲ್ಲಿಸಲಾಗಿತ್ತು. ತೆಂಗು, ಅಡಿಕೆಯ ತೋಟದ ಮನೆಗಳಲ್ಲಿ ನಾಯಿಯು ಇಂದಿಗೂ ಕಾವಲಿನ ಭಾಗವೇ ಆಗಿದೆ. ಆದರೆ ಹಿಂದೆ ಮನೆಯಲ್ಲಿ ಹಗಲು ಯಾರಾದರೂ ಇರುತ್ತಿದ್ದರು. ನಾಯಿ ಹೊಲಕ್ಕೆ, ತೋಟಕ್ಕೆ, ದನದ ಹಿಂದೆ ಹೋಗಿ ಬರುತ್ತಿತ್ತು.

ಈಗ ಸ್ಥಿತಿ ಬದಲಾಗಿದೆ. ತುಮಕೂರು ನಗರದ ಸುತ್ತಲಿನ ಪಂಚಾಯಿತಿಗಳಲ್ಲಿ ಹೊಸ ಬಡಾವಣೆಗಳು ಎದ್ದಿವೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ, ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯದ ಕಾರ್ಖಾನೆಗಳಿಗೆ, ಸಿದ್ಧ ಉಡುಪು ಘಟಕಗಳಿಗೆ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುತ್ತಾರೆ. ಮುಂಜಾನೆಯ ರೈಲು ಅಥವಾ ಬಸ್ಸು ಹಿಡಿದು ಬೆಂಗಳೂರಿನವರೆಗೂ ಹೋಗಿ ಬರುವವರಿದ್ದಾರೆ. ಮಕ್ಕಳು ಶಾಲೆಯಲ್ಲಿರುತ್ತಾರೆ. ಮನೆಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮನೆಗೆ ಕಾವಲು ಬೇಕೆಂದೇ ನಾಯಿಯನ್ನು ತಂದಿರುತ್ತಾರೆ. ಹೀಗಾಗಿ ನಾಯಿ 10ರಿಂದ 12 ಗಂಟೆ ಒಂಟಿಯಾಗಿ, ಬಹುತೇಕ ಕಟ್ಟಿದ ಸ್ಥಿತಿಯಲ್ಲಿ ಇರಬೇಕಾಗುತ್ತದೆ. ಮಾಲೀಕರು ಕ್ರೂರಿಗಳೆಂದು ಮೊದಲೇ ತೀರ್ಮಾನಿಸಬಾರದೆಂದು ಹೇಳುವುದು ಇದೇ ಕಾರಣಕ್ಕೆ. ಅವರ ದುಡಿಮೆಯ ವೇಳೆ ಬದಲಾಗಿದೆ, ನಾಯಿಯ ಅಗತ್ಯಗಳು ಬದಲಾಗಿಲ್ಲ.

ಮುಂದಿನ ವಿವರಣೆಗೆ ಒಂದು ಸನ್ನಿವೇಶವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ದಂಪತಿ ಬೆಳಿಗ್ಗೆ 7ಕ್ಕೆ ಕಾರ್ಖಾನೆಗೆ ಹೋಗಿ ಸಂಜೆ 7ಕ್ಕೆ ಬರುತ್ತಾರೆ. ನಾಯಿಯನ್ನು ಕಾಂಪೌಂಡಿನ ಮೂಲೆಯಲ್ಲಿ, ತಗಡಿನ ಕೆಳಗೆ, ಒಂದು ಮೀಟರ್ ಸರಪಳಿಯಲ್ಲಿ ಕಟ್ಟಿರುತ್ತಾರೆ. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಒಬ್ಬರು, ಒಂದು ಕೂಸು, ಒಬ್ಬ ವೃದ್ಧೆ ಇದ್ದಾರೆ.

ಈ ದೂರನ್ನು ಏಕೆ ಲಘುವಾಗಿ ಕಾಣಬಾರದು

ಮೊದಲ ಕಾರಣ, ನೆರೆಯವರ ಸಹನೆಗೆ ಒಂದು ಮಿತಿ ಇದೆ. ನಾಯಿ ಊಳಿಟ್ಟರೆ ಮನೆಗೆ ಕೇಡು, ಸಾವಿನ ಸೂಚನೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಇನ್ನೂ ಇದೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ಕೂಗು ಕೇಳುವವರ ಮನಸ್ಸು ಕದಡುತ್ತದೆ. ದೂರು ಹೇಳಿಯೂ ಯಾರೂ ಕೇಳಲಿಲ್ಲವೆಂದಾಗ ಕೆಲವರು ಅನ್ನದಲ್ಲಿ ವಿಷ ಬೆರೆಸುವ ಯೋಚನೆಗೆ ಇಳಿಯುತ್ತಾರೆ. ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗಹೀನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 325ರ ಅಡಿಯಲ್ಲಿ 5 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ವಿಷದ ತುತ್ತು ಬೇರೊಬ್ಬರ ಕೋಳಿ, ಕುರಿ, ಕರುವಿಗೂ ಸಿಗಬಹುದು, ಆಡುವ ಮಗುವಿನ ಕೈಗೂ ಸಿಗಬಹುದು.

ಇನ್ನೊಂದು ಕಡೆ, ನಾಯಿಯನ್ನು ನಿರ್ಲಕ್ಷಿಸಿದ ಮಾಲೀಕರಿಗೆ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960 ವಿಧಿಸುವುದು ಮೊದಲ ಬಾರಿಗೆ 10ರಿಂದ 50 ರೂಪಾಯಿ ದಂಡ ಮಾತ್ರ. ತಾಳ್ಮೆಗೆಟ್ಟ ನೆರೆಯವರು ಸೆರೆಮನೆಯ ಅಂಚಿಗೆ ಹೋಗಿ ನಿಲ್ಲುತ್ತಾರೆ. ಸಮಸ್ಯೆಯ ಮೂಲದಲ್ಲಿರುವವರಿಗೆ ಒಂದು ಊಟದ ಬೆಲೆಯಷ್ಟೂ ದಂಡ ಬೀಳುವುದಿಲ್ಲ. ಈ ಅಂತರವನ್ನು ಸದ್ಯಕ್ಕೆ ತುಂಬಬಲ್ಲವರು ಮಧ್ಯೆ ನಿಂತು ಮಾತನಾಡುವ ಜನಪ್ರತಿನಿಧಿಗಳು ಮಾತ್ರ.

ಎರಡನೆಯ ಕಾರಣ ಸುರಕ್ಷತೆ. ಬೊಗಳುವ ನಾಯಿ ಕಚ್ಚದು ಎಂಬ ಗಾದೆಯನ್ನು ಇಲ್ಲಿ ನಂಬಬಾರದು. ಸದಾ ಕಟ್ಟಿಹಾಕಿದ ನಾಯಿಗೆ ಓಡಿ ತಪ್ಪಿಸಿಕೊಳ್ಳುವ ದಾರಿ ಇಲ್ಲದ ಕಾರಣ ಹತ್ತಿರ ಬಂದವರ ಮೇಲೆ ಎರಗುವ ಸಂಭವ ಹೆಚ್ಚು. ಒಂದು ದಿನ ಸರಪಳಿ ಕಳಚಿದರೆ ಮೊದಲು ಎದುರಾಗುವವರು ಸಾಮಾನ್ಯವಾಗಿ ಮಕ್ಕಳು.

ಮೂರನೆಯ ಕಾರಣ ಚಿರತೆ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಭಾಗದಲ್ಲಿ ಚಿರತೆಯ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಬಲಿಯಾದದ್ದನ್ನು ನಾವು ಮರೆಯುವಂತಿಲ್ಲ. ಜನವಸತಿಯ ಅಂಚಿನಲ್ಲಿ ತಿರುಗುವ ಚಿರತೆಗೆ ನಾಯಿ ಸುಲಭದ ಆಹಾರ. ಕತ್ತಲಾದ ಮೇಲೂ ಹೊರಗೆ ಕಟ್ಟಿದ, ಕೂಗುತ್ತಿರುವ ನಾಯಿ ತಾನು ಪಾರಾಗಲಾರದು, ಚಿರತೆಯನ್ನು ಮನೆಯ ಅಂಗಳದವರೆಗೆ ಕರೆತರಲೂಬಹುದು.

ಕೂಗಿನ ಕಾರಣವನ್ನು ಗುರುತಿಸುವುದು

ನಾಯಿಯ ಕೂಗಿಗೆ ಕಾರಣ ಒಂದೇ ಅಲ್ಲ. ಕಾರಣ ತಿಳಿಯದೆ ಪರಿಹಾರ ಹೇಳಿದರೆ ಅದು ಫಲಿಸುವುದಿಲ್ಲ. ಸದಸ್ಯರು ಹೊರಗಿನಿಂದಲೇ ಗಮನಿಸಬಹುದಾದ ಲಕ್ಷಣಗಳು ಹೀಗಿವೆ.

ಅಗಲಿಕೆಯ ಸಂಕಟ: ಮನೆಯವರು ಹೊರಟ ಅರ್ಧ ಗಂಟೆಯೊಳಗೆ ಕೂಗು ಆರಂಭವಾಗುತ್ತದೆ. ಕುಂಯ್‌ಗುಟ್ಟುವುದು, ಊಳಿಡುವುದು, ಬಾಗಿಲು ಗೇಟು ಕೆರೆಯುವುದು, ಜೊಲ್ಲು ಸುರಿಸುವುದು, ಇಟ್ಟ ಅನ್ನವನ್ನು ಮುಟ್ಟದಿರುವುದು ಇದರ ಗುರುತು. ಮನೆಯವರು ಬಂದೊಡನೆ ನಾಯಿ ಸುಮ್ಮನಾಗುತ್ತದೆ. ಹೀಗಾಗಿ ನಮ್ಮ ನಾಯಿ ಕೂಗುವುದೇ ಇಲ್ಲ ಎಂದು ಮಾಲೀಕರು ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ. ಅವರಿದ್ದಾಗ ಅದು ನಿಜವಾಗಿಯೂ ಕೂಗುವುದಿಲ್ಲ.

ಕಾವಲಿನ ಬೊಗಳುವಿಕೆ: ದಾರಿಯಲ್ಲಿ ಜನ, ವಾಹನ, ಬೇರೆ ನಾಯಿ ಹೋದಾಗ ಮಾತ್ರ ಬೊಗಳಿ ನಿಲ್ಲಿಸುತ್ತದೆ. ಗೇಟಿನ ಸಂದಿಯಿಂದ ದಾರಿ ಕಾಣದಂತೆ ಹಲಗೆ ಅಥವಾ ಗೋಣಿ ಮರೆ ಕಟ್ಟಿದರೆ ಸಾಕಷ್ಟು ಕಡಿಮೆಯಾಗುತ್ತದೆ.

ಬೇಸರ: ಚಟುವಟಿಕೆಯಿಲ್ಲದ ಎಳೆಯ ನಾಯಿ ಬಿಟ್ಟು ಬಿಟ್ಟು ಒಂದೇ ರಾಗದಲ್ಲಿ ಬೊಗಳುತ್ತದೆ, ಗುಂಡಿ ತೋಡುತ್ತದೆ, ಚಪ್ಪಲಿ ಬಟ್ಟೆ ಕಚ್ಚಿ ಹರಿಯುತ್ತದೆ. ಸಾಮಾನ್ಯವಾಗಿ ಇದು ಒಂದೂವರೆ ಎರಡು ವರ್ಷದೊಳಗಿನ ನಾಯಿಯಾಗಿರುತ್ತದೆ.

ಹಸಿವು, ಬಾಯಾರಿಕೆ, ಬಿಸಿಲು: ಕೂಗು ಮಧ್ಯಾಹ್ನದ ಹೊತ್ತಿಗೆ ಏರಿ ಸಂಜೆಗೆ ಇಳಿದರೆ ನೆರಳು ಮತ್ತು ನೀರಿನ ಕಡೆ ನೋಡಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗಲು ಆಗುವುದಿಲ್ಲ. ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಶಾಖವನ್ನು ಇಳಿಸಿಕೊಳ್ಳಬೇಕು. ನೀರಿಲ್ಲದೆ ಕಾದ ತಗಡಿನ ಕೆಳಗೆ ಇದ್ದರೆ ಅದೂ ಸಾಧ್ಯವಾಗದು.

ನೋವು ಮತ್ತು ಕಾಯಿಲೆ: ಉಣ್ಣಿ, ಕಜ್ಜಿ, ಕತ್ತುಪಟ್ಟಿಯಿಂದಾದ ಹುಣ್ಣು, ಕಿವಿಯ ಸೋಂಕು, ಮುಪ್ಪಿನ ಕಾರಣದಿಂದ ಕೂಗುವ ನಾಯಿ ಮನೆಯವರು ಇದ್ದಾಗಲೂ ಕೂಗುತ್ತದೆ.

ಒಂದು ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಾಯಿಯ ದನಿ ಇದ್ದಕ್ಕಿದ್ದಂತೆ ಒಡೆದಂತಾಗುವುದು, ನುಂಗಲು ಕಷ್ಟವಾಗುವುದು, ಜೊಲ್ಲು ಸುರಿಯುವುದು, ತೂರಾಡುವುದು, ಸಿಕ್ಕಿದ್ದನ್ನೆಲ್ಲ ಕಚ್ಚುವುದು, ಮನೆಯವರನ್ನೇ ಗುರುತಿಸದಿರುವುದು ರೇಬಿಸ್ ಲಕ್ಷಣಗಳಾಗಿರಬಹುದು. ಆಗ ಸಂಧಾನದ ಮಾತಿಲ್ಲ. ಯಾರೂ ಹತ್ತಿರ ಹೋಗದಂತೆ ತಡೆದು ಕೂಡಲೇ ಪಶುವೈದ್ಯಾಧಿಕಾರಿಗಳಿಗೆ ತಿಳಿಸಬೇಕು. ಯಾರಿಗಾದರೂ ಕಚ್ಚಿದ್ದರೆ ಅಥವಾ ಪರಚಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕಳುಹಿಸಬೇಕು.

ನೋಡಿ, ಅಳೆದು, ಬರೆದುಕೊಳ್ಳಿ

ದೂರು ಬಂದ ದಿನವೇ ಅದನ್ನು ದೂರು ವಹಿಯಲ್ಲಿ ದಾಖಲಿಸಲು ಕಚೇರಿಗೆ ತಿಳಿಸಿ. ನಂತರ ದೂರುದಾರರಿಗೆ ಮೂರು ದಿನಗಳ ಒಂದು ಸಣ್ಣ ಕೆಲಸ ಕೊಡಿ. ನಾಯಿ ಎಷ್ಟು ಗಂಟೆಗೆ ಕೂಗಲು ಆರಂಭಿಸಿತು, ಎಷ್ಟು ಹೊತ್ತು ಕೂಗಿತು, ಆಗ ಮನೆಯವರು ಇದ್ದರೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲಿ. ತಮ್ಮ ಮನೆಯೊಳಗಿಂದಲೇ ಮೊಬೈಲಿನಲ್ಲಿ ಎರಡು ಮೂರು ಬಾರಿ ದನಿಯನ್ನು ಮುದ್ರಿಸಿಕೊಳ್ಳಲಿ. ಇದರಿಂದ ಎರಡು ಉಪಯೋಗಗಳಿವೆ. ಯಾವಾಗಲೂ ಕೂಗುತ್ತದೆ ಎಂಬ ಮಾತಿನ ಬದಲು ಬೆಳಿಗ್ಗೆ 7.20ರಿಂದ 9ರವರೆಗೆ ಎಂಬ ನಿಖರ ಮಾಹಿತಿ ಸಿಗುತ್ತದೆ. ಮನೆಯಲ್ಲಿಲ್ಲದ ಮಾಲೀಕರು ನಂಬದೇ ಇರುವ ವಿಷಯವನ್ನು ಕಿವಿಯಿಂದ ಕೇಳುವಂತಾಗುತ್ತದೆ.

ನೀವೂ ಒಮ್ಮೆ ಹಗಲು ಹೊತ್ತಿನಲ್ಲಿ ರಸ್ತೆಯಿಂದ ಅಥವಾ ನೆರೆಯ ಮನೆಯಿಂದ ನೋಡಿ. ನೀರಿನ ಪಾತ್ರೆ ಇದೆಯೇ, ಮಗುಚಿದೆಯೇ, ನೆರಳು ಮಧ್ಯಾಹ್ನ 12ರಿಂದ 3ರವರೆಗೆ ಎಲ್ಲಿ ಬೀಳುತ್ತದೆ, ಸರಪಳಿ ಎಷ್ಟು ಉದ್ದ, ನಾಯಿ ನಿಂತ ಜಾಗದಲ್ಲಿ ಮಲಮೂತ್ರ ಬಿದ್ದಿದೆಯೇ ಎಂಬುದನ್ನು ಬರೆದುಕೊಳ್ಳಿ. ಬೀಗ ಹಾಕಿದ ಕಾಂಪೌಂಡಿನೊಳಗೆ ಮಾತ್ರ ಹೋಗಬೇಡಿ. ಸದಸ್ಯರಾದರೂ ಅಧ್ಯಕ್ಷರಾದರೂ ಅನುಮತಿಯಿಲ್ಲದೆ ಪ್ರವೇಶಿಸುವುದು ಅತಿಕ್ರಮ ಪ್ರವೇಶವೇ.

ಮಾಲೀಕರೊಡನೆ ಮಾತು

ಮಾಲೀಕರನ್ನು ಪಂಚಾಯಿತಿಗೆ ಕರೆಸಿ ಹತ್ತು ಜನರ ಮುಂದೆ ಕೇಳುವುದು ಸರಿಯಲ್ಲ. ಅವಮಾನಕ್ಕೊಳಗಾದವರು ಒಪ್ಪುವ ಬದಲು ಹಟಕ್ಕೆ ಬೀಳುತ್ತಾರೆ. ಕೆಲವರು ಕೋಪಕ್ಕೆ ನಾಯಿಯನ್ನು ದೂರದ ಕೆರೆಯ ಏರಿಯ ಮೇಲೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುತ್ತಾರೆ. ಆಗ ಸಮಸ್ಯೆ ತೀರುವುದಿಲ್ಲ, ಬೇರೆ ಪಂಚಾಯಿತಿಗೆ ವರ್ಗವಾಗುತ್ತದೆ ಅಷ್ಟೆ. ಹಸಿವು ಬಾಯಾರಿಕೆಯಿಂದ ಬಳಲುವಂತೆ ಪ್ರಾಣಿಯನ್ನು ತೊರೆಯುವುದೂ 1960ರ ಕಾಯ್ದೆಯಂತೆ ಅಪರಾಧ.

ರಜೆಯ ದಿನ ಅಥವಾ ಸಂಜೆ ಅವರು ಬಂದು ಕೈಕಾಲು ತೊಳೆದು ಕುಳಿತ ಮೇಲೆ, ನೀವೊಬ್ಬರೇ ಅವರ ಮನೆಗೆ ಹೋಗಿ. ಮಾತು ನಾಯಿಯ ಯೋಗಕ್ಷೇಮದಿಂದ ಆರಂಭವಾಗಲಿ, ದೂರಿನಿಂದಲ್ಲ. ಈ ರೀತಿಯ ಮಾತು ಸಾಮಾನ್ಯವಾಗಿ ಬಾಗಿಲು ತೆರೆಯುತ್ತದೆ:

"ಅಣ್ಣ, ನೀವು ಹೋದ ಮೇಲೆ ಹಗಲೆಲ್ಲ ನಾಯಿ ಸಂಕಟ ಪಡುತ್ತೆ, ನಿಮಗೆ ಗೊತ್ತಾಗೋ ಹಾಗಿಲ್ಲ. ಒಂದು ಸಲ ಕೇಳಿ ನೋಡಿ. ಏನು ಮಾಡಬಹುದು ಅಂತ ಕೂತು ಯೋಚನೆ ಮಾಡೋಣ."

ದೂರು ಕೊಟ್ಟವರ ಹೆಸರನ್ನು ನೀವಾಗಿ ಹೇಳಬೇಡಿ. ನಾಯಿಯನ್ನು ಏಕೆ ತಂದರು, ಯಾರು ಊಟ ಹಾಕುತ್ತಾರೆ, ಕೊನೆಯ ಬಾರಿ ಲಸಿಕೆ ಯಾವಾಗ ಆಯಿತು ಎಂದು ಕೇಳಿ. ಮನೆಯಲ್ಲಿ ನಾಯಿಯನ್ನು ನೋಡಿಕೊಳ್ಳುವವರು ಹೆಂಗಸರೋ ಮಕ್ಕಳೋ ಆಗಿದ್ದರೆ ಅವರನ್ನೂ ಮಾತಿಗೆ ಕೂರಿಸಿಕೊಳ್ಳಿ. ಮುಂದೆ ಹೇಳುವ ಬದಲಾವಣೆಗಳನ್ನು ದಿನವೂ ಮಾಡಬೇಕಾದವರು ಅವರೇ.

ಬದಲಾಯಿಸಬೇಕಾದ ಏಳು ಅಂಶಗಳು

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ.

1. ನೀರು. 15ರಿಂದ 20 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 1 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹಗುರ ಪ್ಲಾಸ್ಟಿಕ್ ಬಟ್ಟಲು ಮಗುಚಿಕೊಳ್ಳುತ್ತದೆ. ಅಗಲ ತಳದ ಸಿಮೆಂಟ್ ತೊಟ್ಟಿ ಅಥವಾ ಕಲ್ಲಿನ ಬಾನಿಯನ್ನು ನೆರಳಿನಲ್ಲಿ, ಸರಪಳಿ ಸುತ್ತಿಕೊಳ್ಳದ ಕಡೆ ಇಡಬೇಕು.

2. ನೆರಳು. ಬೆಳಿಗ್ಗೆ ನೆರಳಿದ್ದ ಜಾಗ ಮಧ್ಯಾಹ್ನ ಬಿಸಿಲಾಗಿರುತ್ತದೆ. ಹೊತ್ತು ತಿರುಗಿದಂತೆ ನಾಯಿಯೂ ನೆರಳಿಗೆ ಸರಿಯುವಂತಿರಬೇಕು. ತಗಡು ಅಥವಾ ಸಿಮೆಂಟ್ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಎರಡು ಬದಿ ಗಾಳಿಯಾಡಲು ತೆರೆದಿಟ್ಟರೆ ಕೆಳಗಿನ ಕಾವು ಇಳಿಯುತ್ತದೆ.

3. ಕಟ್ಟುವ ವಿಧಾನ. ಇಲ್ಲಿ ಸ್ವಲ್ಪ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಮೀಟರ್ ಸರಪಳಿಯನ್ನು ಗೋಡೆಯ ಮೂಲೆಗೆ ಕಟ್ಟಿದರೆ ಕತ್ತುಪಟ್ಟಿ ತಲುಪುವ ಜಾಗ ಕಾಲು ವೃತ್ತ ಮಾತ್ರ, ಅಂದರೆ 0.8 ಚದರ ಮೀಟರಿಗೂ ಕಡಿಮೆ. ಉಣ್ಣುವುದು, ಮಲಗುವುದು, ಮಲಮೂತ್ರ ಎಲ್ಲವೂ ಅಷ್ಟರಲ್ಲೇ ಆಗಬೇಕು. ತಾನು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳಲು ನಾಯಿ ಇಷ್ಟಪಡುವುದಿಲ್ಲ. ಅದರ ಕೂಗಿಗೆ ಇದೂ ಒಂದು ಕಾರಣ. ಬದಲಿಗೆ, ಎರಡು ಕಂಬಗಳ ನಡುವೆ 8 ಮೀಟರ್ ಗಟ್ಟಿ ತಂತಿ ಎಳೆದು, ಅದರ ಮೇಲೆ ಜಾರುವ ಬಳೆಗೆ ಸರಪಳಿ ಕಟ್ಟಿ, ನಾಯಿ ತಂತಿಯ ಎರಡೂ ಬದಿಗೆ 2 ಮೀಟರ್ ತಲುಪುವಂತೆ ಮಾಡಿದರೆ ಅದಕ್ಕೆ ಸಿಗುವ ಜಾಗ ಸುಮಾರು 44 ಚದರ ಮೀಟರ್. ಸರಪಳಿ ಕಂಬಕ್ಕೆ ಸುತ್ತಿಕೊಳ್ಳದಂತೆ ತಂತಿಯ ಎರಡೂ ತುದಿಯ ಸಮೀಪ ತಡೆ ಇರಬೇಕು, ಕೊಂಡಿ ತಿರುಗುವಂತಿರಬೇಕು. ತಂತಿಯನ್ನು ಕಾಂಪೌಂಡಿನ ಗೋಡೆಯ ಹತ್ತಿರ ಎಳೆಯಲೇಬಾರದು. ಕಟ್ಟಿದ ನಾಯಿ ಗೋಡೆ ಹಾರಿದರೆ ಆಚೆ ಬದಿಯಲ್ಲಿ ನೇತಾಡಿ ಉಸಿರುಕಟ್ಟುತ್ತದೆ. ವಿದ್ಯುತ್ ಕಂಬ, ಸರ್ವಿಸ್ ತಂತಿಗಳಿಂದಲೂ ದೂರವಿರಬೇಕು. ಅಂಗಳ ಚಿಕ್ಕದಾಗಿದ್ದರೆ ಗೇಟನ್ನು ಭದ್ರಪಡಿಸಿ ನಾಯಿಯನ್ನು ಕಟ್ಟದೆ ಬಿಡುವುದೇ ಉತ್ತಮ.

4. ಹೊರಡುವ ಮುನ್ನ ಓಡಾಟ. ಕುಣಿಗಲ್‌ನ ಕುದುರೆ ಫಾರಂ ಸುತ್ತಲಿನವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಕುದುರೆಯನ್ನು ಲಾಯದಲ್ಲೇ ಕಟ್ಟಿಟ್ಟರೆ ಅದು ಕೆಡುತ್ತದೆಂದು ಅವರು ಬಲ್ಲರು. ನಾಯಿಯೂ ಓಡುವ ಪ್ರಾಣಿ, ಮುಧೋಳದಂತಹ ಬೇಟೆ ತಳಿಯಾದರೆ ಇನ್ನೂ ಹೆಚ್ಚು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ನಡೆಸಿದರೆ ದಣಿದ ನಾಯಿ ಹಗಲಿನ ಬಹುಭಾಗ ಮಲಗುತ್ತದೆ.

5. ಊಟದ ರೀತಿ. ಬೆಳಗಿನ ಊಟವನ್ನು ನಡೆದು ಬಂದ ಮೇಲೆ, ಹೊರಡುವ ಮುನ್ನ ಕೊಡಬೇಕು. ಅದರಲ್ಲಿ ಸ್ವಲ್ಪ ಭಾಗವನ್ನು, ಉದಾಹರಣೆಗೆ ಮುದ್ದೆಯ ಗಟ್ಟಿ ತುಣುಕುಗಳನ್ನು, ಒಣಹುಲ್ಲಿನ ನಡುವೆ ಚೆಲ್ಲಿದರೆ ನಾಯಿ ಮೂಸಿ ಮೂಸಿ ಹುಡುಕುವುದರಲ್ಲಿ ಹೊತ್ತು ಕಳೆಯುತ್ತದೆ. ಮನೆಯವರು ಹೋದ ಮೊದಲ ಅರ್ಧ ಗಂಟೆ ಅತ್ಯಂತ ಕಷ್ಟದ ಹೊತ್ತು. ಅದು ದಾಟಿದರೆ ಬಹಳಷ್ಟು ನಾಯಿಗಳು ತಣ್ಣಗಾಗುತ್ತವೆ.

6. ಅಗಲಿಕೆಯ ಅಭ್ಯಾಸ. ರಜೆಯ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಎರಡು ನಿಮಿಷ ಹೊರಗಿದ್ದು, ನಾಯಿ ಸುಮ್ಮನಿದ್ದಾಗಲೇ ಒಳಗೆ ಬರಬೇಕು. ನಂತರ ಐದು ನಿಮಿಷ, ಹದಿನೈದು ನಿಮಿಷ, ಅರ್ಧ ಗಂಟೆ ಎಂದು ಏರಿಸುತ್ತ ಹೋಗಬೇಕು. ಹೋಗುವಾಗ ಬರುವಾಗ ಅತಿಯಾಗಿ ಮುದ್ದಿಸಬಾರದು. ಕೂಗಿದ್ದಕ್ಕೆ ಸಂಜೆ ಬಂದು ಹೊಡೆದರೆ ಪ್ರಯೋಜನವಿಲ್ಲ. ಬೆಳಗಿನ ಕೂಗಿಗೂ ಸಂಜೆಯ ಏಟಿಗೂ ನಾಯಿ ಸಂಬಂಧ ಕಲ್ಪಿಸದು. ಅದರ ಹೆದರಿಕೆ ಮಾತ್ರ ಹೆಚ್ಚುತ್ತದೆ, ಮರುದಿನ ಕೂಗೂ ಹೆಚ್ಚುತ್ತದೆ.

7. ಹಗಲಿನಲ್ಲಿ ಒಬ್ಬರ ಭೇಟಿ. 12 ಗಂಟೆ ಒಂಟಿತನವನ್ನು ಎರಡು ಭಾಗ ಮಾಡಿದರೆ ಅರ್ಧ ಸಮಸ್ಯೆ ತೀರುತ್ತದೆ. ಬೀದಿಯಲ್ಲಿ ಹಗಲು ಮನೆಯಲ್ಲಿರುವ ಹಿರಿಯರು, ನಾಯಿಯ ಬಗ್ಗೆ ಪ್ರೀತಿಯಿರುವ ಒಬ್ಬರು, ಮಧ್ಯಾಹ್ನ ನೀರು ಬದಲಿಸಿ ಹತ್ತು ನಿಮಿಷ ಜೊತೆಗಿದ್ದರೆ ಸಾಕು. ಮಾಲೀಕರು ಅವರನ್ನು ತಾವೇ ಕರೆದು ನಾಯಿಗೆ ಪರಿಚಯಿಸಬೇಕು. ಬೇಕಿದ್ದರೆ ತಿಂಗಳಿಗೆ ಇಷ್ಟು ಎಂದು ಕೊಡಬಹುದು.

ನಮ್ಮ ಉದಾಹರಣೆಯ ಮನೆಗೆ ಇವನ್ನು ಅನ್ವಯಿಸಿದರೆ, ಮೊದಲ ದಿನವೇ ಮಾಡಬೇಕಾದ್ದು ನೀರು, ನೆರಳು ಮತ್ತು ಸರಪಳಿ. ಮೊದಲ ವಾರದಲ್ಲಿ ಬೆಳಗಿನ ನಡಿಗೆ ಮತ್ತು ಮಧ್ಯಾಹ್ನದ ಭೇಟಿ. ಅಗಲಿಕೆಯ ಅಭ್ಯಾಸಕ್ಕೆ ಮೂರು ನಾಲ್ಕು ವಾರ ಬೇಕಾಗಬಹುದು. ಚಿರತೆಯ ಸುಳಿವಿರುವ ಗ್ರಾಮಗಳಲ್ಲಿ ಕತ್ತಲಾಗುವ ಮೊದಲೇ ನಾಯಿಯನ್ನು ಬಾಗಿಲಿರುವ ಕೊಟ್ಟಿಗೆಗೋ ಮನೆಯೊಳಕ್ಕೋ ಸೇರಿಸಿಕೊಳ್ಳುವಂತೆ ತಪ್ಪದೆ ಹೇಳಿ. ಇಷ್ಟಾದರೂ ಕೂಗು ನಿಲ್ಲದಿದ್ದರೆ ಪಶುವೈದ್ಯಾಧಿಕಾರಿಗಳಿಗೆ ತೋರಿಸಬೇಕು. ತೀವ್ರ ಅಗಲಿಕೆಯ ಸಂಕಟಕ್ಕೆ ಔಷಧೋಪಚಾರವೂ ಇದೆ. ತಮ್ಮಿಂದ ಸಾಕಲು ಆಗುವುದೇ ಇಲ್ಲವೆಂದು ಮಾಲೀಕರು ಹೇಳಿದರೆ, ಹಗಲು ಜನರಿರುವ ತೋಟದ ಮನೆಯೊಂದಕ್ಕೆ, ಪಡೆಯುವವರ ಒಪ್ಪಿಗೆಯಿಂದ, ಲಸಿಕೆ ಹಾಕಿಸಿ ಕೊಡಿಸುವುದು ಗೌರವದ ದಾರಿ.

ದೂರು ಕೊಟ್ಟವರಿಗೆ ಹೇಳಬೇಕಾದದ್ದು

ದೂರುದಾರರ ಕಷ್ಟವೂ ನಿಜವಾದದ್ದೇ. ನಿದ್ದೆಯಿಲ್ಲದ ಮನುಷ್ಯನಿಗೆ ಪ್ರಾಣಿದಯೆಯ ಉಪದೇಶ ರುಚಿಸುವುದಿಲ್ಲ. ಆದುದರಿಂದ ಮಾಲೀಕರು ಏನು ಒಪ್ಪಿದ್ದಾರೆ, ಎಷ್ಟು ದಿನದಲ್ಲಿ ಬದಲಾವಣೆ ಕಾಣಬಹುದು, ಮತ್ತೆ ಯಾವ ದಿನ ನೀವು ಬರುತ್ತೀರಿ ಎಂಬುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿ, ಆ ದಿನ ತಪ್ಪದೆ ಹೋಗಿ. ಕಲ್ಲೆಸೆಯುವುದು, ಗೋಡೆ ಬಡಿಯುವುದು, ಗದರುವುದರಿಂದ ಕೂಗು ಹೆಚ್ಚುತ್ತದೆ ಎಂಬುದನ್ನು ವಿವರಿಸಿ. ನಾಯಿಯನ್ನು ತಾವೇ ಬಿಚ್ಚಿ ಬಿಡುವುದು, ಕೊಂಡೊಯ್ಯುವುದು, ಮಾಲೀಕರಿಗೆ ತಿಳಿಸದೆ ಆಹಾರ ಎಸೆಯುವುದು ಕೂಡದು. ವಿಷದ ಮಾತು ಹಾಸ್ಯಕ್ಕೆ ಬಂದರೂ ಕಲಂ 325ರ ಶಿಕ್ಷೆಯನ್ನು ಅಲ್ಲಿಯೇ ಹೇಳಿಬಿಡಿ.

ಕಾನೂನು ಎಲ್ಲಿಯವರೆಗೆ ನೆರವಾಗುತ್ತದೆ

ಮಾತಿಗೆ ಬಗ್ಗದ ಪ್ರಕರಣಗಳೂ ಇರುತ್ತವೆ. ಆಗ ಕಾನೂನಿನ ಬಲ ಮತ್ತು ಮಿತಿ ಎರಡೂ ಸದಸ್ಯರಿಗೆ ತಿಳಿದಿರಬೇಕು.

ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ಸಂವಿಧಾನದ 51ಎ(ಜಿ) ಅನುಚ್ಛೇದದಂತೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. 1960ರ ಕಾಯ್ದೆಯ ಕಲಂ 3, ಪ್ರಾಣಿಯ ಉಸ್ತುವಾರಿ ಹೊಂದಿದವರು ಅದರ ಯೋಗಕ್ಷೇಮಕ್ಕೆ ಎಲ್ಲ ಸಮಂಜಸ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಕಲಂ 11(1)ರಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮೂರು ಖಂಡಗಳಿವೆ. ಖಂಡ (ಎಫ್) ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅಕಾರಣ ದೀರ್ಘಕಾಲ ಕಟ್ಟಿಡುವುದನ್ನು, ಖಂಡ (ಜಿ) ರೂಢಿಯಾಗಿ ಕಟ್ಟಿಟ್ಟ ಅಥವಾ ಕೂಡಿಟ್ಟ ನಾಯಿಗೆ ಓಡಾಟ ಮಾಡಿಸದಿರುವುದನ್ನು, ಖಂಡ (ಎಚ್) ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದನ್ನು ಅಪರಾಧವೆನ್ನುತ್ತವೆ. ಎಷ್ಟು ಗಂಟೆ, ಎಷ್ಟು ಉದ್ದ ಎಂಬುದನ್ನು ಕಾಯ್ದೆ ಅಂಕಿಯಲ್ಲಿ ಹೇಳುವುದಿಲ್ಲ. ಆದ್ದರಿಂದಲೇ ನೀವು ಬರೆದಿಟ್ಟ ಸರಪಳಿಯ ಅಳತೆ, ಹೊತ್ತು ಮತ್ತು ದಿನಾಂಕಗಳಿಗೆ ಬೆಲೆಯಿದೆ.

ಈ ಮೂರೂ ಅಸಂಜ್ಞೇಯ ಅಪರಾಧಗಳು. ಪೊಲೀಸರು ಮಾಹಿತಿಯನ್ನು ದಾಖಲಿಸಿಕೊಳ್ಳುತ್ತಾರೆ, ಆದರೆ ತನಿಖೆಗೆ ನ್ಯಾಯಾಲಯದ ಆದೇಶ ಬೇಕು. ಠಾಣೆಯವರು ತಕ್ಷಣ ಪ್ರಕರಣ ದಾಖಲಿಸಲಿಲ್ಲವೆಂದರೆ ಅದು ಅಸಡ್ಡೆಯೇ ಆಗಿರಬೇಕಿಲ್ಲ. ಆದರೂ ಕಲಂ 34ರಂತೆ, ಅಪರಾಧ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದಾಗ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಪ್ರಾಣಿಯನ್ನು ವಶಪಡಿಸಿಕೊಂಡು ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ಪರೀಕ್ಷೆಗೆ ಹಾಜರುಪಡಿಸಬಹುದು. ಕಲಂ 36ರಂತೆ ಅಪರಾಧ ನಡೆದ 3 ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ದೂರನ್ನು ಕಡತದಲ್ಲಿಟ್ಟು ಮರೆತರೆ ಕಾನೂನಿನ ದಾರಿಯೂ ಮುಚ್ಚುತ್ತದೆ. 3 ವರ್ಷದೊಳಗೆ ಅಪರಾಧ ಮರುಕಳಿಸಿದರೆ 25ರಿಂದ 100 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಸೆರೆ ಅಥವಾ ಎರಡೂ ಇವೆ.

ನಾಯಿ ಜನರಿಗೆ ಅಪಾಯಕಾರಿಯಾಗಿದ್ದೂ ಮಾಲೀಕರು ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 291 ಅನ್ವಯಿಸುತ್ತದೆ. ಇದಕ್ಕೆ 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಲಿಖಿತ ದೂರನ್ನು ಯಾರಿಗೆ ಕೊಡಬೇಕೆಂಬುದು ಮನೆ ಇರುವ ಜಾಗವನ್ನು ಅವಲಂಬಿಸಿದೆ. ಪಂಚಾಯಿತಿಯ ಗಡಿಯಲ್ಲಿದ್ದರೆ ನಮ್ಮ ಕಚೇರಿಗೆ, ಜೊತೆಗೆ ಪಶುವೈದ್ಯಾಧಿಕಾರಿಗಳಿಗೆ. ಗಡಿಯಾಚೆ ಇದ್ದರೆ ತುಮಕೂರಿನಲ್ಲಿ ಮಹಾನಗರ ಪಾಲಿಕೆಗೆ, ಕುಣಿಗಲ್‌ನಲ್ಲಿ ಪುರಸಭೆಗೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿಗೆ. ಗಂಭೀರ ಪ್ರಕರಣಗಳನ್ನು ಜಿಲ್ಲಾ ಪ್ರಾಣಿ ದಯಾ ಸಂಘದ ಗಮನಕ್ಕೂ ತರಬೇಕು. ಪ್ರತಿ ಜಿಲ್ಲೆಯಲ್ಲೂ ಇಂತಹ ಸಂಘ ಇರಬೇಕೆಂದು 2001ರ ನಿಯಮಗಳು ಹೇಳುತ್ತವೆ.

ಕಾಯಬಾರದ ಸಂದರ್ಭಗಳು

ನಾಯಿ ಬಿಸಿಲಿಗೆ ಕುಸಿದು ಬಿದ್ದಿದ್ದರೆ, ಸರಪಳಿ ಕುತ್ತಿಗೆಗೆ ಬಿಗಿದಿದ್ದರೆ, ಮನೆಯವರು ದಿನಗಟ್ಟಲೆ ಊರಲ್ಲಿ ಇಲ್ಲದಿದ್ದರೆ, ಮೂರು ದಿನಗಳ ದಾಖಲೆಗೆ ಕಾಯಬೇಕಿಲ್ಲ. ಮೊದಲು ಮಾಲೀಕರಿಗೆ ದೂರವಾಣಿ ಮಾಡಿ. ಸಿಗದಿದ್ದರೆ 1962ಕ್ಕೆ ಕರೆ ಮಾಡಿ ಪಶು ಸಂಚಾರಿ ಚಿಕಿತ್ಸಾ ವಾಹನ ಕೋರಿ, 112ಕ್ಕೆ ಕರೆ ಮಾಡಿ ಪೊಲೀಸರ ಸಮ್ಮುಖದಲ್ಲಿ ಒಳಗೆ ಹೋಗುವ ವ್ಯವಸ್ಥೆ ಮಾಡಿ. ಬಿಸಿಲಿಗೆ ಸಿಲುಕಿದ ನಾಯಿಯನ್ನು ನೆರಳಿಗೆ ತಂದು ಹೊಟ್ಟೆ, ಪಾದಗಳಿಗೆ ಸಾಧಾರಣ ತಂಪಿನ ನೀರು ಹಾಕಿ ಗಾಳಿ ಬೀಸಬೇಕು. ಎಚ್ಚರವಿಲ್ಲದ ಪ್ರಾಣಿಯ ಬಾಯಿಗೆ ನೀರು ಹುಯ್ಯಬಾರದು.

ಪಂಚಾಯಿತಿ ಮಟ್ಟದಲ್ಲಿ

ಬಿಡಿ ದೂರುಗಳ ಬೆನ್ನು ಹತ್ತುವುದರ ಜೊತೆಗೆ ಮೂರು ಕೆಲಸಗಳನ್ನು ಪಂಚಾಯಿತಿಯೇ ಮಾಡಬಹುದು. ಮೊದಲನೆಯದು, ವಾರ್ಡ್ ಸಭೆಯಲ್ಲಿ ಸಾಕುನಾಯಿಗಳ ವಿಷಯಕ್ಕೆ ಹತ್ತು ನಿಮಿಷ ಮೀಸಲಿಟ್ಟು ಮೇಲಿನ ಏಳು ಅಂಶಗಳನ್ನು ಓದಿ ಹೇಳುವುದು. ಎರಡನೆಯದು, ಪಶುಪಾಲನಾ ಇಲಾಖೆಯೊಡನೆ ಸೇರಿ ವರ್ಷಕ್ಕೊಮ್ಮೆ ರೇಬಿಸ್ ಲಸಿಕಾ ಶಿಬಿರ ನಡೆಸಿ, ಬಂದ ನಾಯಿ ಮತ್ತು ಮನೆಗಳ ಪಟ್ಟಿಯನ್ನು ಇಟ್ಟುಕೊಳ್ಳುವುದು. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರಂತೆ ಸಾಕುನಾಯಿಯ ಲಸಿಕೆ, ಜಂತು ನಿವಾರಣೆ, ಸಂತಾನಶಕ್ತಿಹರಣದ ಹೊಣೆ ಮಾಲೀಕರದು. ಶಿಬಿರ ಆ ಹೊಣೆಯನ್ನು ನೆನಪಿಸುವ ಸಂದರ್ಭವಾಗುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನ ಇದಕ್ಕೆ ಸೂಕ್ತ. ಮೂರನೆಯದು, ಪಶು ಸಖಿ ಇರುವ ಪಂಚಾಯಿತಿಗಳಲ್ಲಿ ಅವರ ನೆರವಿನಿಂದ ಹಗಲು ಬೀಗ ಬೀಳುವ, ನಾಯಿ ಇರುವ ಮನೆಗಳನ್ನು ಗುರುತಿಸಿ, ದೂರು ಬರುವ ಮೊದಲೇ ಒಮ್ಮೆ ಮಾತನಾಡಿಸುವುದು.

ಪ್ರತಿ ದೂರಿನ ಮುಂದೆ ಮೂರು ದಿನಾಂಕಗಳು ದೂರು ವಹಿಯಲ್ಲಿ ಇರಲಿ: ದೂರು ಬಂದ ದಿನ, ಮಾಲೀಕರ ಮನೆಗೆ ಹೋದ ದಿನ, ಬದಲಾವಣೆ ಆಗಿದೆಯೇ ಎಂದು ಮತ್ತೆ ನೋಡಿದ ದಿನ. ಮೊದಲ ಎರಡರ ನಡುವೆ ಒಂದು ವಾರಕ್ಕಿಂತ ಹೆಚ್ಚು ಅಂತರ ಬೇಡ. ಮೂರನೆಯ ದಿನಾಂಕದ ಅಂಕಣ ಖಾಲಿ ಇರುವ ದೂರು ಮುಗಿದ ದೂರಲ್ಲವೆಂದು ತಿಳಿದು, ಮುಂದಿನ ಸಾಮಾನ್ಯ ಸಭೆಯಲ್ಲಿ ಅದನ್ನು ಕೇಳುವ ಹಕ್ಕು ಮತ್ತು ಹೊಣೆ ಎರಡೂ ಸದಸ್ಯರಿಗಿವೆ.

ಪಂಚಾಯತ್ ಅಭಿವೃದ್ಧಿ ಅಧಿಕಾರಿ,
ತುಮಕೂರು ಜಿಲ್ಲೆ